ಅವ್ವನ ಸಾಲಿನ ತೆಂಗು

ಅಟ್ಟದ ಮೇಲೆ ಹಾಕಿದ ತೆಂಗಿನಕಾಯಿ ಒಳಗೇ ಒಣಗಿ ಕೊಬ್ಬರಿಯಾಗಿದೆಯೋ ಇಲ್ಲವೋ ಎಂದು ನೋಡಲು ಪಂಚನಹಳ್ಳಿಯ ಕಡೆ ಯಾರೂ ಅದನ್ನು ಒಡೆಯುವುದಿಲ್ಲ. ಕೈಗೆತ್ತಿಕೊಂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನೀರು ಕುಲುಕಿದರೆ ಇನ್ನೂ ಹಸಿ. ಗಟಗಟ ಎಂದರೆ ಆಯಿತು, ಇಳಿಸಬಹುದು. ಆ ಮಾಘದ ಬೆಳಗ್ಗೆ ಹಿರಿಯ ಸೊಸೆ ಪ್ರೇಮಮ್ಮ ಬಂದು ಭುಜ ಹಿಡಿದು ಅಲ್ಲಾಡಿಸಿದಾಗ ಮಲ್ಲಿಕಾಂಬಳಿಗೆ ನೆನಪಾದದ್ದು ಅದೇ. ನಿದ್ದೆಯಿಂದ ಎಬ್ಬಿಸುವವರು ಮುಖ ನೋಡುತ್ತಾರೆ. ಇವಳು ಕಿವಿಗೊಟ್ಟಿದ್ದಳು.

"ಇದ್ದೀನಿ ಕಣೇ," ಎಂದಳು ಮಲ್ಲಿಕಾಂಬ, ಕಣ್ಣು ತೆರೆಯದೆ. "ಒಳಗಿನ್ನೂ ನೀರಿದೆ."

"ಏನತ್ತೆ ಬೆಳಬೆಳಗ್ಗೆ ಹಿಂಗೆಲ್ಲ ಮಾತು! ಏಳಿ, ಸೋಮಾರ ಇವತ್ತು. ತಲೆಗೆ ನೀರು ಹಾಕ್ತೀನಿ."

ಬಚ್ಚಲ ಒಲೆಯಲ್ಲಿ ಬೆಂಕಿ ಇತ್ತು, ಹಂಡೆಯಿಂದ ಆವಿ ಏಳುತ್ತಿತ್ತು. ಆದರೆ ಪ್ರೇಮಮ್ಮ ನೀರು ತಂದದ್ದು ಅಂಗಳದ ಕಲ್ಲುತೊಟ್ಟಿಯಿಂದ. ರಾತ್ರಿಯೆಲ್ಲ ಇಬ್ಬನಿ ಬಿದ್ದ ನೀರು. ತುಂಬಿದ ಕೊಡವನ್ನು ಒಂದೇ ಸಲಕ್ಕೆ ನೆತ್ತಿಯ ಮೇಲೆ ಸುರಿದಳು. ಎದೆಯೊಳಗೆ ಯಾರೋ ಕೈ ಹಾಕಿ ಹಿಂಡಿದಂತಾಗಿ ಮಲ್ಲಿಕಾಂಬ ಬಾಯಿ ಬಿಟ್ಟಳು. ಕೂಗು ಹೊರಡಲಿಲ್ಲ. ಇನ್ನೊಂದು ಕೊಡ ಬಂತು.

"ಹಂಡೆ ಕಾದಿದೆಯಲ್ಲೇ..."

"ಅದು ನಿಮ್ಮ ಮಗನಿಗೆ," ಎಂದಳು ಪ್ರೇಮಮ್ಮ.

ಹಿಂದಿನ ವಾರವಷ್ಟೇ ಕಡೂರಿನ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ ಹೇಳಿದ್ದರು: ಹೃದಯ ಸೋತಿದೆ, ಬೆಚ್ಚಗಿಡಿ, ಗುಳಿಗೆ ತಪ್ಪಿಸಬೇಡಿ, ಶೀತವಾದರೆ ಉಳಿಯುವುದು ಕಷ್ಟ. ಪ್ರೇಮಮ್ಮ ತಲೆಯಾಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಈಗ ಒಂದೊಂದನ್ನೇ ತಿರುಗಿಸಿ ಮಾಡುತ್ತಿದ್ದಳು. ಗುಳಿಗೆ ಖಾಲಿಯಾಗಿತ್ತು. ಹಚ್ಚಡ ಒಗೆಯಲು ಹೋಗಿ ಒಣಗಿಯೇ ಇರಲಿಲ್ಲ. ಮಂಚ ಕಿಟಕಿಯ ಕೆಳಗೆ ಬಂದಿತ್ತು.

ಒದ್ದೆ ತಲೆಯಲ್ಲಿ ಮಂಚಕ್ಕೆ ಬಂದು ಬಿದ್ದ ಸ್ವಲ್ಪ ಹೊತ್ತಿಗೆ ಗೋಡೆಯ ಆಚೆಯಿಂದ ಕಿರಿಯ ಸೊಸೆಯ ದನಿ ಕೇಳಿಸಿತು. "ಅತ್ತೇ, ಇದ್ದೀರಾ?"

ಮಲ್ಲಿಕಾಂಬ ಕಂಚಿನ ಚೊಂಬಿನಿಂದ ಗೋಡೆಗೆ ಕುಟ್ಟಿದಳು. ಇದ್ದೇನೆ ಎಂದು ಅರ್ಥ. ಸ್ವಲ್ಪದರಲ್ಲೇ ಹಿತ್ತಿಲ ಕಿಟಕಿಯ ಸರಳಿನ ನಡುವೆ ಮರ ಹತ್ತುವ ಲಕ್ಕಣ್ಣನ ಕೈ ಬಂತು. ಕೈಯಲ್ಲಿ ಗುಳಿಗೆಯ ಪೊಟ್ಟಣ, ಲೋಟದಲ್ಲಿ ಬಿಸಿ ಮೆಣಸಿನ ಸಾರು.

"ಚಿಕ್ಕೆಜಮಾನ್ರು ಕೊಟ್ಟವ್ರೆ ಅಮ್ಮಾರೆ. ಬಿರ್‍ನೆ ಕುಡೀರಿ, ದೊಡ್ಡೆಜಮಾನ್ರು ಬಂದ್ಬಿಡ್ತಾರೆ."

ಹೀಗೆ ಒಂದೇ ಮನೆಯ ಗೋಡೆಯ ಈಚೆ ಅವಳನ್ನು ಸಾಯಿಸಲು ನೋಡುತ್ತಿದ್ದರು, ಆಚೆ ಬದುಕಿಸಲು. ಈಚೆಯವನು ಹಿರಿಯ ಮಗ ಓಂಕಾರಮೂರ್ತಿ, ಆಚೆಯವನು ಕಿರಿಯ ಮಗ ಈರಭದ್ರಪ್ಪ. ಅವನಿಗಿಂತ ಇವನಿಗೆ ಅವ್ವನ ಮೇಲೆ ಪ್ರೀತಿ ಹೆಚ್ಚೆಂದೇನೂ ಅಲ್ಲ. ಯುಗಾದಿ ಹತ್ತಿರ ಬರುತ್ತಿತ್ತು, ಅಷ್ಟೆ. ದಸರೆಯಿಂದ ಯುಗಾದಿಯವರೆಗೆ ಅವ್ವ ಹಿರಿಯವನ ಕಡೆ. ಯುಗಾದಿಯಿಂದ ದಸರೆಯವರೆಗೆ ಕಿರಿಯವನ ಕಡೆ.

ಇದನ್ನು ಹೀಗೆ ಗಂಟು ಹಾಕಿದವಳು ಮಲ್ಲಿಕಾಂಬಳೇ. ಎಪ್ಪತ್ನಾಲ್ಕನೇ ಇಸವಿಯಲ್ಲಿ ಗಂಡ ಲಿಂಗೈಕ್ಯನಾದ ಮೇಲೆ ಮಕ್ಕಳು ಪಾಲಾಗುತ್ತೇವೆಂದು ಕೂತರು. ಮಠದ ಮಲ್ಲಿಕಾರ್ಜುನಯ್ಯನವರು ಪಾಲುಪಟ್ಟಿ ಬರೆಯಲು ಬಂದರು. ಹೊಲ ಅರ್ಧ, ತೋಟ ಅರ್ಧ, ಮನೆಗೆ ನಡುವೆ ಗೋಡೆ. ಅಟ್ಟವನ್ನು ಮಾತ್ರ ಹೊಗೆ ಆಡಬೇಕೆಂದು ಒಡೆಯದೆ ಬಿಟ್ಟರು. ಗೋಡೆ ಅಟ್ಟದ ತೊಲೆಯವರೆಗೆ ಬಂದು ನಿಂತಿತು. ಕಾಲುವೆ ಪಕ್ಕದ ಹದಿನೆಂಟು ತೆಂಗಿನ ಮರಗಳನ್ನು ಮಲ್ಲಿಕಾಂಬಳ ಜೀವನಾಂಶಕ್ಕೆ ಬಿಟ್ಟರು. ಅವಳೇ ಸೊಸೆಯಾಗಿ ಬಂದ ಹೊಸದರಲ್ಲಿ ನೆಟ್ಟು, ಸೊಂಟದ ಮೇಲೆ ಕೊಡ ಹೊತ್ತು ನೀರುಣಿಸಿ ಬೆಳೆಸಿದ ಮರಗಳು. ಊರಿನವರು ಅದನ್ನು ಅವ್ವನ ಸಾಲು ಎನ್ನುತ್ತಿದ್ದರು.

"ನಿಮ್ಮ ನಂತರ ಅರ್ಧರ್ಧ ಅಂತ ಬರೀಲಾ ತಾಯಿ?" ಎಂದು ಅಯ್ಯನವರು ಕೇಳಿದ್ದರು.

"ಬೇಡಿ ಅಯ್ನೋರೆ. ನಾನು ಯಾರ ಮನೇಲಿ ಕೊನೇ ಉಸುರು ಬಿಡ್ತೀನೋ ಅವರಿಗೆ ಅಂತ ಬರೀರಿ. ಆಗ ಇಬ್ರೂ ನನ್ನ ಚೆನ್ನಾಗಿ ನೋಡ್ಕೋತಾರೆ."

"ಬುದ್ಧಿವಂತಿಕೆ ಸ್ವಲ್ಪ ಜಾಸ್ತಿ ಆಗ್ತಿದೆ ತಾಯಿ," ಎಂದು ಅಯ್ಯನವರು ಪೆನ್ನು ಎತ್ತಿ ಹಿಡಿದೇ ಒಂದು ಗಳಿಗೆ ಕೂತಿದ್ದರು. ಕೂತಿದ್ದ ಗಂಡಸರೆಲ್ಲ ಭಲೇ ಎಂದು ನಕ್ಕಿದ್ದರು. ಅಯ್ಯನವರು ಬರೆದರು: ಮಾತೃಶ್ರೀಯವರು ಯಾರ ಮನೆಯಲ್ಲಿ ಲಿಂಗೈಕ್ಯರಾಗುವರೋ ಸದರಿ ಸಾಲು ಅವರಿಗೇ ಸಲ್ಲತಕ್ಕದ್ದು.

ಬಹಳ ವರ್ಷ ಅವಳೆಣಿಸಿದಂತೆಯೇ ನಡೆಯಿತು. ಒಬ್ಬ ತುಪ್ಪ ತಂದರೆ ಇನ್ನೊಬ್ಬ ಸೀರೆ ತಂದ. ಊರ ಹೆಂಗಸರು ಅವಳ ಬುದ್ಧಿಯನ್ನು ಹೊಗಳಿದರು. ಆಮೇಲೆ ಈರಭದ್ರಪ್ಪ ಸಾಲಿನ ಪಕ್ಕದಲ್ಲಿ ಬೋರ್‌ವೆಲ್ ಕೊರೆಸಿದ. ಸುತ್ತಲಿನ ತೋಟಗಳು ಒಣಗಿದಾಗಲೂ ಅವ್ವನ ಸಾಲು ಗೊನೆ ಹೊತ್ತು ಬಾಗಿತು. ಓಂಕಾರಮೂರ್ತಿ ಅದನ್ನು ನೋಡುತ್ತ ನಿಲ್ಲುವುದನ್ನು ಮಲ್ಲಿಕಾಂಬ ಕಂಡಳು. ಅವಳು ಯಾವಾಗಲೂ ಬೇರೆಯವರ ಕಣ್ಣು ಎಲ್ಲಿಗೆ ಹೋಗುತ್ತದೆಂದು ನೋಡುವ ಹೆಂಗಸು. ಮರದಿಂದ ಅವನ ಕಣ್ಣು ಅವಳ ಮೇಲೆ ಬರುತ್ತಿತ್ತು, ಮತ್ತೆ ಮರಕ್ಕೆ. ಅವಳಿಗೆ ಎದೆಯ ಬೇನೆ ಶುರುವಾದ ದಿನ ಅದು ಬರೀ ನೋಟವಾಗಿ ಉಳಿಯಲಿಲ್ಲ.

ತಣ್ಣೀರಿನ ಸ್ನಾನದ ಮರುವಾರ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಮಲ್ಲಿಕಾಂಬ ಲಕ್ಕಣ್ಣನ ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿ ರಸ್ತೆಗೆ ಬಂದು ಬಸ್ಸು ಹತ್ತಿದಳು. ಕಡೂರಿನಲ್ಲಿ ಬಸ್ಸು ಬದಲಾಯಿಸಿ ತರೀಕೆರೆಯಲ್ಲಿ ಮಗಳು ಪಂಕಜಾಕ್ಷಿಯ ಮನೆಗೆ ಬಂದಳು. ಅಳಿಯ ಸೋಮಶೇಖರಪ್ಪನಿಗೆ ಬಸ್‌ಸ್ಟ್ಯಾಂಡಿನ ಎದುರು ಅಡಿಕೆ, ಕೊಬ್ಬರಿಯ ಸಣ್ಣ ಮಂಡಿ. ಗಟ್ಟಿಯಾಗಿ ಮಾತಾಡಿದರೆ ಬೆವರುವ ಮನುಷ್ಯ. ಆದರೂ ಹೇಳಿದ: "ಇಲ್ಲೇ ಇರಿ ಅತ್ತೆ. ನಮಗೇನೂ ಸಾಲು ಬೇಡ, ಕಂಬಾನೂ ಬೇಡ."

ಮಗಳು ಅವಳ ತಲೆಗೆ ಎಣ್ಣೆ ಹಚ್ಚಿ, ಬಿಸಿನೀರು ಹಾಕಿ, ಮೂರು ದಿನ ಗಂಜಿ ಕುಡಿಸಿದಳು. ನಾಲ್ಕನೆಯ ಬೆಳಗ್ಗೆ ಗಂಡುಮಕ್ಕಳಿಬ್ಬರೂ ಬಂದರು. ಅಪ್ಪ ಸತ್ತ ಮೇಲೆ ಅವರಿಬ್ಬರೂ ಒಂದೇ ಬಸ್ಸಿನಲ್ಲಿ ಬಂದದ್ದು ಅದೇ ಮೊದಲು. ಅವ್ವ ಮಗಳ ಮನೆಯಲ್ಲಿ ಸತ್ತರೆ ಸಾಲು ಮಗಳಿಗೇ ಹೋಗುತ್ತದೆಂದು ಯಾರೋ ವಕೀಲರು ಹೇಳಿದ್ದರಂತೆ.

"ಅವ್ವನ್ನ ಕಳ್ಸು," ಎಂದ ಓಂಕಾರಮೂರ್ತಿ.

"ಹುಷಾರಾಗ್ಲಿ ಭಾವ, ಆಮೇಲೆ..." ಎನ್ನುತ್ತ ಸೋಮಶೇಖರಪ್ಪ ಮಂಡಿಯ ಬಾಗಿಲಲ್ಲಿ ಕೈ ಅಡ್ಡ ಹಿಡಿದ.

ಈರಭದ್ರಪ್ಪ ಆ ಕೈಯನ್ನು ಹಿಡಿದು ತಿರುಚಿದ. ಓಂಕಾರಮೂರ್ತಿ ತಕ್ಕಡಿಯ ಕಬ್ಬಿಣದ ತೂಕದ ಬಟ್ಟು ತೆಗೆದುಕೊಂಡು ಬಾಯಿಗೆ ಬಾರಿಸಿದ. ಹಲ್ಲು ಮುರಿದ ಸದ್ದು ಒಳಗೆ ಮಲಗಿದ್ದ ಮಲ್ಲಿಕಾಂಬಳಿಗೂ ಕೇಳಿಸಿತು. ಬಸ್‌ಸ್ಟ್ಯಾಂಡಿನ ಜನ ಸುತ್ತಲೂ ನಿಂತರು. ಶೇಂಗಾ ಮಾರುವವನು ಬುಟ್ಟಿಯನ್ನು ಎದೆಗೆ ಅವಚಿಕೊಂಡು ನೋಡುತ್ತಿದ್ದ. ಸೋಮಶೇಖರಪ್ಪ ಮೂಟೆಗಳ ನಡುವೆ ಕುಸಿದು ಕೂತು, ಅಂಗೈಗೆ ಉಗುಳಿ, ಅದರಲ್ಲಿ ಬಿದ್ದ ಎರಡು ಹಲ್ಲನ್ನು ನೋಡುತ್ತ ಉಳಿದ.

"ನನ್ನ ಗಂಡನ್ನ ಕೊಂದ್ಬಿಡ್ತೀರೇನ್ರೋ! ತಾಯೀನ ಹೆಣ ಮಾಡ್ಕೊಂಡು ಹೊತ್ಕೊಂಡ್ಹೋಗೋಕೆ ಬಂದಿದ್ದೀರ!" ಎಂದು ಪಂಕಜಾಕ್ಷಿ ಪೊರಕೆ ಹಿಡಿದು ನುಗ್ಗಿದಳು. ಈರಭದ್ರಪ್ಪ ತಂಗಿಯ ಜಡೆಗೆ ಕೈ ಹಾಕಿ ಬಾಗಿಲ ಕಂಬಕ್ಕೆ ತಲೆ ಬಡಿಸಿದ.

"ಬಿಡ್ರೋ, ಬತ್ತೀನಿ," ಎಂದು ಮಲ್ಲಿಕಾಂಬ ಗೋಡೆ ಹಿಡಿದು ಎದ್ದು ಬಂದಳು. ಅವಳ ಕಾಲ ಬಳಿಯಲ್ಲೇ ಅಳಿಯನ ರಕ್ತ ಕೊಬ್ಬರಿ ಚೂರಿನ ಮೇಲೆ ಬಿದ್ದಿತ್ತು. ಒಂದು ಕಡೆ ಒಬ್ಬ, ಇನ್ನೊಂದು ಕಡೆ ಇನ್ನೊಬ್ಬ ರಟ್ಟೆ ಹಿಡಿದು ಬಸ್ಸಿಗೆ ಹತ್ತಿಸಿದರು. ಕಂಡಕ್ಟರು ಮೆಚ್ಚಿಕೊಂಡು, "ತಾಯಿ ಮೇಲೆ ಎಷ್ಟು ಭಕ್ತಿ ಕಣ್ರೀ ಈ ಮಕ್ಕಳಿಗೆ," ಎಂದ.

ಊರಿಗೆ ಬಂದ ಸಂಜೆ ಓಂಕಾರಮೂರ್ತಿ ಲಕ್ಕಣ್ಣನನ್ನು ಅವ್ವನ ಸಾಲಿನ ಮೊದಲ ಮರಕ್ಕೆ, ಮರ ಹತ್ತುವ ಅವನದೇ ಹಗ್ಗದಿಂದ ಕಟ್ಟಿ, ಚಪ್ಪಲಿಯಿಂದ ಹೊಡೆದ. ಗಾಡಿ ಕಟ್ಟಿದ್ದಕ್ಕೆ ಒಂದು, ಗುಳಿಗೆ ಕೊಟ್ಟಿದ್ದಕ್ಕೆ ಒಂದು ಎನ್ನುತ್ತ ಶುರುಮಾಡಿ, ಆಮೇಲೆ ಏನೂ ಹೇಳದೆ ಹೊಡೆದ. ಲಕ್ಕಣ್ಣನ ಒಂದು ಕಣ್ಣು ಮುಚ್ಚಿ ಊದಿಕೊಂಡಿತು. ಹೆಂಡತಿ ತಿಮ್ಮಕ್ಕ ಬಂದು ಕಾಲಿಗೆ ಬಿದ್ದ ಮೇಲೆ ಬಿಟ್ಟ.

ಮರುದಿನ ಮಲ್ಲಿಕಾಂಬ ಮಲ್ಲಿಕಾರ್ಜುನಯ್ಯನವರನ್ನು ಕರೆಸಿದಳು. ವಿಭೂತಿ ಹಚ್ಚಿಸಿಕೊಳ್ಳುವ ನೆಪ.

"ಆ ಮಾತು ಹೊಡೆದು ಹಾಕಿ ಅಯ್ನೋರೆ. ಅರ್ಧರ್ಧ ಅಂತ ಬರೀರಿ."

"ರಿಜಿಸ್ಟ್ರಾಗಿದೆಯಲ್ಲ ತಾಯಿ. ಇಬ್ರೂ ಒಪ್ಪಿ ರುಜು ಹಾಕ್ಬೇಕು. ಅರ್ಧಕ್ಕೆ ಒಪ್ತಾರಾ?" ಅಯ್ಯನವರು ದನಿ ತಗ್ಗಿಸಿದರು. "ಇಬ್ರಿಗೂ ಪೂರ್ತಿ ಸಿಗೋ ಆಸೆ ಇದೆ ಈಗ."

ಅವರು ಎದ್ದು ಹೋಗುವಾಗ ಅವಳ ಮುಖ ನೋಡಲಿಲ್ಲ. ಪ್ರೇಮಮ್ಮ ಬಾಗಿಲ ಹಿಂದೆ ನಿಂತಿದ್ದಳು.

ಯುಗಾದಿಯ ಹಿಂದಿನ ದಿನ, ಅಮಾವಾಸ್ಯೆ ಮಧ್ಯಾಹ್ನ. ಪ್ರೇಮಮ್ಮ ಒಬ್ಬಟ್ಟಿನ ಹಿಟ್ಟಿಗೆಂದು ಮಿಲ್ಲಿಗೆ ಹೋಗಿದ್ದಳು. ಓಂಕಾರಮೂರ್ತಿ ಒಳಗೆ ಬಂದು ಬಾಗಿಲ ಅಗುಳಿ ಹಾಕಿದ. ಅಗುಳಿಯ ಸದ್ದಿಗೇ ಮಲ್ಲಿಕಾಂಬಳಿಗೆ ಗೊತ್ತಾಯಿತು. ಹಗಲು ಹೊತ್ತು ಆ ಮನೆಯಲ್ಲಿ ಯಾರೂ ಅಗುಳಿ ಹಾಕುವುದಿಲ್ಲ.

ಅವನು ಮಂಚದ ತುದಿಯಲ್ಲಿ ಕೂತು ಅವಳ ಕಾಲೊತ್ತಿದ. ಚಿಕ್ಕಂದಿನಲ್ಲಿ ಒತ್ತುತ್ತಿದ್ದ ಹಾಗೇ, ಹಿಮ್ಮಡಿಯಿಂದ ಮೇಲಕ್ಕೆ.

"ನೀನು ನರಳೋದು ನೋಡಕ್ಕಾಗಲ್ಲ ಕಣವ್ವ."

"ನರಳ್ತಿಲ್ಲ ಕಣೋ. ಚೆನ್ನಾಗಿದ್ದೀನಿ."

"ಸುಳ್ಳು ಹೇಳ್ಬೇಡ," ಎಂದ. ಅವನ ಕಣ್ಣಲ್ಲಿ ನೀರಿತ್ತು. ಅದನ್ನು ಕಂಡು ಅವಳಿಗೆ ಹೆಚ್ಚು ಭಯವಾಯಿತು. ಅವನು ಕಾಲ ಬಳಿಯಿದ್ದ ಕಂಬಳಿಯನ್ನು ಎತ್ತಿ, ನಾಲ್ಕು ಮಡಿಕೆ ಮಾಡಿ, ಅಂಚು ಸರಿಯಾಗಿದೆಯೇ ಎಂದು ನೋಡಿ, ಅವಳ ಮುಖದ ಮೇಲಿಟ್ಟು ಎರಡೂ ಕೈಯಿಂದ ಅದುಮಿದ.

ಕುರಿಯ ಉಣ್ಣೆಯ ವಾಸನೆ, ಕತ್ತಲೆ. ಅವಳು ಉಗುರಿನಿಂದ ಅವನ ಮುಂಗೈ ಕೆರೆದಳು. ಕತ್ತು ಹೊರಳಿಸಿದಾಗ ಕಂಬಳಿಯ ಅಂಚಿನಿಂದ ಅವನ ಹೆಬ್ಬೆರಳು ಬಾಯಿಗೆ ಸಿಕ್ಕಿತು. ಉಳಿದ ಹಲ್ಲುಗಳಲ್ಲಿ ಮೂಳೆ ಸಿಗುವವರೆಗೆ ಕಚ್ಚಿದಳು. ಅವನು ಬಿಡಲಿಲ್ಲ, ಮೊಣಕಾಲನ್ನು ಅವಳ ಎದೆಯ ಮೇಲೆ ಇಟ್ಟ. ಪಕ್ಕೆಯಲ್ಲಿ ಏನೋ ಲಟಕ್ಕೆಂದಿತು. ಅವಳ ಕೈ ತಗುಲಿ ಚೊಂಬು ನೆಲಕ್ಕೆ ಬಿದ್ದು ಉರುಳಿತು.

ಎಲ್ಲೋ ದೂರದಲ್ಲಿ, "ಅತ್ತೇ, ಇದ್ದೀರಾ?"

ಕುಟ್ಟಲು ಚೊಂಬಿರಲಿಲ್ಲ.

"ಅತ್ತೇ? ರೀ, ಬನ್ರೀ ಇಲ್ಲಿ, ಅತ್ತೆ ಮಾತಾಡ್ತಿಲ್ಲ!"

ಆಮೇಲೆ ಅಟ್ಟದ ಮೇಲೆ ಗುಡುಗಿದಂತಾಯಿತು. ಈರಭದ್ರಪ್ಪ ಆ ಕಡೆಯ ಏಣಿ ಹತ್ತಿ, ಒಡೆಯದೆ ಬಿಟ್ಟಿದ್ದ ಅಟ್ಟದ ಮೇಲೆ ತೆವಳಿಕೊಂಡು ಈ ಕಡೆಗೆ ಬರುತ್ತಿದ್ದ. ಒಂದು ವರ್ಷದ ಕಾಯಿ ರಾಶಿ ಕುಸಿದು ಒಂದೊಂದಾಗಿ, ಆಮೇಲೆ ಒಟ್ಟೊಟ್ಟಾಗಿ, ಮಂಚದ ಸುತ್ತ ಕಲ್ಲಿನಂತೆ ಬಿದ್ದವು. ಒಂದು ಓಂಕಾರಮೂರ್ತಿಯ ಹೆಗಲಿಗೆ ಅಪ್ಪಳಿಸಿತು, ಇನ್ನೊಂದು ತಲೆಗೆ. ಕಂಬಳಿ ಸಡಿಲವಾಯಿತು. ಮಲ್ಲಿಕಾಂಬ ಉಸಿರೆಳೆದುಕೊಂಡಳು, ಆ ಸದ್ದು ಅವಳಿಗೇ ಬೇರೆ ಯಾವುದೋ ಪ್ರಾಣಿಯದೆಂಬಂತೆ ಕೇಳಿಸಿತು.

ಈರಭದ್ರಪ್ಪ ಕಾಯಿ ಸುಲಿಯುವ ಹಾರೆ ಹಿಡಿದು ಮೇಲಿನಿಂದ ಧುಮುಕಿದ. ಧುಮುಕಿದವನು ಮೊದಲು ಅವ್ವನ ಎದೆಗೆ ಕಿವಿಯಿಟ್ಟ. ಮುಖ ನೋಡಲಿಲ್ಲ.

"ಇದೆ! ಇನ್ನೂ ಬಡ್ಕೋತಿದೆ!" ಎಂದು ಗೋಡೆಯ ಆಚೆಗೆ ಕೂಗಿ ಹೇಳಿದ. ಆಮೇಲೆ ಅಣ್ಣನ ಕಡೆ ತಿರುಗಿದ. "ಒಂದು ದಿನ ತಡಿಯಕ್ಕಾಗ್ಲಿಲ್ವೇನೋ ನಿನಗೆ, ಕಟುಕ!"

"ನೀನು ತಡೀತಿದ್ದೇನೋ? ನಾಳೆ ನೀನು ಮಾಡೋದನ್ನ ಇವತ್ತು ನಾನು ಮಾಡ್ದೆ ಅಷ್ಟೇ!"

ಹಾರೆಯ ಮೊನೆ ಓಂಕಾರಮೂರ್ತಿಯ ತೊಡೆಗೆ ಇಳಿಯಿತು. ಅವನು ಬೀಳುತ್ತಲೇ ಕದದ ಹಿಂದೆ ಇಟ್ಟಿದ್ದ ಮಚ್ಚು ಎಳೆದುಕೊಂಡು ಬೀಸಿದ. ತಮ್ಮನ ಎಡಗಿವಿ ಅರ್ಧ ಕತ್ತರಿಸಿ ಕೆನ್ನೆಯ ಮೇಲೆ ಜೋತಾಡಿತು. ಇಬ್ಬರೂ ಉರುಳುವ ಕಾಯಿಗಳ ಮೇಲೆ ಕಾಲು ನಿಲ್ಲದೆ ಬಿದ್ದು, ಎದ್ದು, ಮತ್ತೆ ಬಿದ್ದು, ಒಬ್ಬರ ಮುಖವನ್ನೊಬ್ಬರು ನೆಲಕ್ಕೆ ಜಜ್ಜಿದರು. ಮಲ್ಲಿಕಾಂಬ ಮಂಚದ ಮೇಲೆ ಪಕ್ಕೆ ಹಿಡಿದು ಕೂತು ನೋಡಿದಳು. ಬೇಡ್ರೋ ಎನ್ನಲು ಬಾಯಿ ತೆರೆದವಳು ಸುಮ್ಮನಾದಳು. ಯಾರು ಗೆದ್ದರೂ ತನ್ನನ್ನು ಹೊತ್ತುಕೊಂಡು ಹೋಗುವವನು ಗೆದ್ದವನೇ ಅಲ್ಲವೇ? ಊರವರು ಬಾಗಿಲು ಮುರಿದು ಒಳಗೆ ಬಂದರು.

ಕಡೂರಿನ ಆಸ್ಪತ್ರೆ, ಪೊಲೀಸು, ಒಬ್ಬರ ಮೇಲೊಬ್ಬರ ಕೇಸು ಎಲ್ಲ ಆಯಿತು. ಮಲ್ಲಿಕಾಂಬಳ ಹೇಳಿಕೆ ತೆಗೆದುಕೊಳ್ಳಲು ಬಂದ ಪೇದೆಗೆ ಇಬ್ಬರು ಸೊಸೆಯರೂ ಸೇರಿ ಹೇಳಿದರು: ಅತ್ತೆಗೆ ಬುದ್ಧಿ ಸ್ಥಿಮಿತ ಇಲ್ಲ. ಯುಗಾದಿಯ ದಿನ ಕರಾರಿನಂತೆ ಅವಳನ್ನು ಮಂಚದ ಸಮೇತ ಗೋಡೆಯ ಆಚೆಗೆ ಸಾಗಿಸಿದರು. ಕಿರಿಯ ಸೊಸೆ ಬೇವುಬೆಲ್ಲ ಬಾಯಿಗಿಟ್ಟಳು. ಗುಳಿಗೆ ಬಂತು, ಬಿಸಿನೀರು ಬಂತು, ಪಕ್ಕೆಗೆ ಪಟ್ಟಿ ಕಟ್ಟಿದರು. ಒಂದು ವಾರ ಹಾಗೆ ನಡೆಯಿತು.

ಆಮೇಲೆ ಒಂದು ಬೆಳಗ್ಗೆ ಗೋಡೆಯ ಈಗಿನ ಆಚೆಯಿಂದ ಪ್ರೇಮಮ್ಮನ ದನಿ ಬಂತು. ಅಷ್ಟು ಮೆತ್ತಗಿನ ದನಿಯನ್ನು ಅವಳು ಪ್ರೇಮಮ್ಮನಿಂದ ಕೇಳಿರಲಿಲ್ಲ. "ಅತ್ತೇ, ಇದ್ದೀರಾ? ಗುಳಿಗೆ ತಗೊಂಡ್ರಾ?"

ಮಲ್ಲಿಕಾಂಬಳಿಗೆ ನಗು ಬಂತು. ಮುರಿದ ಪಕ್ಕೆ ನೋಯುವಷ್ಟು ನಕ್ಕಳು. ನಗುತ್ತಲೇ ತಲೆದಿಂಬಿನ ಕೆಳಗೆ ಕೈಯಾಡಿಸಿದಳು. ಗುಳಿಗೆಯ ಪೊಟ್ಟಣ ಅಲ್ಲಿರಲಿಲ್ಲ.

ಅಂದು ಸಂಜೆ ಈರಭದ್ರಪ್ಪ ಕಿವಿಗೆ ಬಟ್ಟೆ ಸುತ್ತಿಕೊಂಡು ಪಕ್ಕದಲ್ಲಿ ಬಂದು ಕೂತ.

"ಅವತ್ತೇ ನೀನು ಹೋಗಿದ್ದಿದ್ರೆ ನನ್ನ ಕಿವಿ ಉಳೀತಿತ್ತು ಕಣವ್ವ."

"ಸಾಲು ಅವನಿಗೆ ಹೋಗ್ತಿತ್ತಲ್ಲೋ."

"ಹೋಗ್ತಿತ್ತು," ಎಂದು ಅವನು ಯೋಚಿಸಿದ. "ಈಗ ಕಿವೀನೂ ಹೋಯ್ತು. ಕಿವಿ ಕೊಟ್ಟ ಮೇಲೆ ಬಿಡಕ್ಕಾಗತ್ತಾ?" ಎನ್ನುತ್ತ ಅವಳ ಕಾಲ ಬಳಿಯಿದ್ದ ಕಂಬಳಿಯ ಅಂಚನ್ನು ಬೆರಳಲ್ಲಿ ನೀವಿದ, ಬಿಟ್ಟ, ಮತ್ತೆ ನೀವಿದ. "ಸೋಮವಾರ ಕೋರ್ಟಿದೆ. ಅದೊಂದು ಮುಗೀಲಿ."

ಅದೊಂದು ಮುಗಿಯಲಿ ಎಂದರೆ ಏನೆಂದು ಅವಳು ಕೇಳಲಿಲ್ಲ. ತೊಲೆಗಳ ನಡುವೆ ಅಟ್ಟದ ಕಾಯಿಗಳನ್ನು ನೋಡುತ್ತ ಮಲಗಿದಳು. ಮಕ್ಕಳಿಗೆ ಬೇಕಾದದ್ದು ಅವಳ ಸಾವು ಅಲ್ಲ, ಅದಕ್ಕೆ ಅವಳೇ ಕಟ್ಟಿಕೊಟ್ಟ ಬೆಲೆ. ಕಾಗದದಲ್ಲಿ ಬರೆದದ್ದನ್ನು ಅವಳೊಬ್ಬಳೇ ಅಳಿಸಲಾರಳು. ಸಾಲು ಮಾತ್ರ ಬಯಲಲ್ಲಿ ನಿಂತಿತ್ತು.

ಸೋಮವಾರ ಅಣ್ಣತಮ್ಮಂದಿರು ಒಬ್ಬ ಕುಂಟುತ್ತ, ಒಬ್ಬ ಕಿವಿ ಮುಚ್ಚಿಕೊಂಡು ಬೇರೆಬೇರೆಯಾಗಿ ಕಡೂರಿನ ಬಸ್ಸು ಹತ್ತಿದರು. ಕೋರ್ಟು ಇಬ್ಬರಿಗೂ ಒಂದೇ. ಬಸ್ಸಿನ ಸದ್ದು ಅಡಗಿದ ಮೇಲೆ ಮಲ್ಲಿಕಾಂಬ ಕಿರಿಯ ಸೊಸೆಯನ್ನು ಕರೆದಳು.

"ಲಕ್ಕಣ್ಣಂಗೆ ಗಾಡಿ ತರಕ್ಕೆ ಹೇಳೇ. ಒಂದ್ಸಲ ನನ್ನ ಸಾಲು ನೋಡ್ಕೊಂಡು ಬತ್ತೀನಿ."

ಸೊಸೆ ಹೆದರಿದಳು. "ಬೇಡ ಅತ್ತೆ, ಅಲ್ಲೇನಾದ್ರೂ ಹೆಚ್ಚುಕಮ್ಮಿ ಆಗ್ಬಿಟ್ರೆ?"

"ಅಲ್ಲಿ ಸಾಯಲ್ಲ ಕಣೇ. ಸಾಯೋದಾದ್ರೆ ನಿನ್ನ ಮನೆಗೆ ಬಂದೇ ಸಾಯ್ತೀನಿ. ಮಾತು ಕೊಟ್ಟೆ."

ಸೊಸೆಯ ಮುಖ ಕೆಂಪಾಯಿತು. ಆದರೂ ಒಂದು ಕ್ಷಣ ಲೆಕ್ಕ ಹಾಕಿ, "ಬೇಗ ಬಂದ್ಬಿಡಿ," ಎಂದಳು.

ಸಾಲಿನ ಕೆಳಗೆ ಗಾಡಿಯಿಂದ ಇಳಿದು ಮಲ್ಲಿಕಾಂಬ ಸೆರಗಿನ ಗಂಟು ಬಿಚ್ಚಿ ವಿಭೂತಿ ಉಂಡೆ ತೆಗೆದಳು. ಲಕ್ಕಣ್ಣನ ಒಂದು ಕಣ್ಣಿನ ಸುತ್ತ ಇನ್ನೂ ಕಲೆ ಉಳಿದಿತ್ತು.

"ಎಳನೀರು ಕೀಳ್ಲಾ ಅಮ್ಮಾರೆ?"

"ಸುಳಿ ಕಡಿ."

ಅವನಿಗೆ ಕೇಳಿಸಿದರೂ ಅರ್ಥವಾಗಲಿಲ್ಲ. ತೆಂಗಿಗೆ ತಲೆಯೊಳಗಿನ ಸುಳಿಯೊಂದೇ ಜೀವ. ಗರಿ ಕಡಿದರೆ ಇನ್ನೊಂದು ಬರುತ್ತದೆ, ಸುಳಿ ಕಡಿದರೆ ಮರ ನಿಂತಲ್ಲೇ ಕಂಬ.

"ಯಾವ ಮರದ್ದು?"

"ಎಲ್ಲಾದ್ದೂ."

"ಅಯ್ಯಯ್ಯಪ್ಪಾ!" ಲಕ್ಕಣ್ಣ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡ. "ಕಾಯಿ ಬಿಡೋ ಮರ ಅಮ್ಮಾರೆ, ಬಸುರಿ ಹೆಂಗಸಿದ್ದಂಗೆ. ನನ್ನ ಕೈ ಬಿದ್ದೋಯ್ತದೆ. ದೊಡ್ಡೆಜಮಾನ್ರು ನನ್ನ ಸಿಗಿದು ಹಾಕ್ತಾರೆ."

"ನಿನ್ನ ಕಟ್ಟಿ ಹೊಡೆದದ್ದು ಯಾವ ಮರಕ್ಕೆ?"

ಅವನ ಕಣ್ಣು ಸಾಲಿನ ತುದಿಗೆ ಹೋಯಿತು. ಮೊದಲ ಮರದ ಬುಡದಲ್ಲಿ ಹಗ್ಗ ಉಜ್ಜಿದ ಗುರುತು ಇನ್ನೂ ಇತ್ತು.

"ಇದು ನಿಂತಿರೋವರೆಗೂ ಇದಕ್ಕೆ ಯಾರನ್ನಾದ್ರೂ ಕಟ್ತಾನೇ ಇರ್ತಾರೆ ಕಣೋ. ಪಾಪ ನಿಂದಲ್ಲ. ನೆಟ್ಟೋಳು ನಾನು, ಕಡೀ ಅಂತಿರೋಳೂ ನಾನು." ಅವಳು ಸಾಯುವವರ ಹಣೆಗೆ ಹಚ್ಚುವಂತೆ ಮರಕ್ಕೆ ಮೂರು ಬೆರಳಿನ ವಿಭೂತಿ ಎಳೆದಳು. ಅಲ್ಲಿಂದ ಎರಡನೆಯದಕ್ಕೆ, ಮೂರನೆಯದಕ್ಕೆ ಪಕ್ಕೆ ಹಿಡಿದು ನಡೆದಳು. ಸಾಲಿನ ಕೊನೆ ಮುಟ್ಟಿ ಹಿಂತಿರುಗಿ ನೋಡಿದಾಗ ಲಕ್ಕಣ್ಣ ಮೊದಲ ಮರದ ಅರ್ಧ ಏರಿದ್ದ.

ಮೇಲಿನಿಂದ ಮಚ್ಚಿನ ಏಟು ಬೀಳುವ ಸದ್ದು ಮೊದಲು ಒಣ ಮರದ್ದು, ಆಮೇಲೆ ಒದ್ದೆಯದು, ಕೊನೆಗೆ ಮಾಂಸದ್ದು. ಗೊನೆ ಬಿದ್ದವು, ಹೊಂಬಾಳೆ ಬಿತ್ತು, ಎಳೆ ಗರಿಗಳು ಬಿಳಿಚಿಕೊಂಡು ತಿರುಗುತ್ತ ಬಂದವು. ಆಮೇಲೆ ಸುಳಿ ಬಿತ್ತು, ಮಗುವಿನ ತೋಳಿನಷ್ಟು ದಪ್ಪ, ಹಾಲಿನ ಬಣ್ಣದ್ದು. ಒಂದು ಮರಕ್ಕೂ ಅವಳು ಸಾಕು ಎನ್ನಲಿಲ್ಲ. ಗಾಡಿಯಲ್ಲಿದ್ದ ಹುಲ್ಲು ಕೊಯ್ಯುವ ಕುಡುಗೋಲು ತೊಡೆಯ ಮೇಲಿಟ್ಟುಕೊಂಡು ನೆರಳಿಲ್ಲದ ನೆಲದಲ್ಲಿ ಕೂತಳು. ಸಾಲಿನ ಕೆಳಗೆ ಅಷ್ಟು ಬಿಸಿಲು ಬಿದ್ದದ್ದನ್ನು ಅವಳು ನಲವತ್ತು ವರ್ಷದಿಂದ ನೋಡಿರಲಿಲ್ಲ.

ಕೊನೆಯ ಮರದ ಮೇಲೆ ಲಕ್ಕಣ್ಣನಿರುವಾಗ ಬಸ್ಸು ಬಂತು. ರಸ್ತೆಯಿಂದಲೇ ಸಾಲು ಕಾಣುತ್ತದೆ. ಅಣ್ಣತಮ್ಮಂದಿರು ಓಡಿ ಬಂದರು, ಕುಂಟುವವನು ಹಿಂದೆ.

"ಇಳಿಯೋ ಬೇವರ್ಸಿ! ಇಳಿಯೋ ಕೆಳಗೆ!" ಎಂದು ಈರಭದ್ರಪ್ಪ ಕಲ್ಲೆತ್ತಿ ಬೀಸಿದ. ಮರದ ತುದಿಯಲ್ಲಿ ಲಕ್ಕಣ್ಣ ಮಚ್ಚು ಹಿಡಿದು, ಕಾಲು ಸುತ್ತಿ ಕೂತಿದ್ದ. "ಹತ್ತಿ ಬನ್ನಿ ಚಿಕ್ಕೆಜಮಾನ್ರೆ," ಎಂದ ಅಲ್ಲಿಂದಲೇ.

ಓಂಕಾರಮೂರ್ತಿ ಅವ್ವನ ಎದುರು ನಿಂತ. ಸುತ್ತಲೂ ಬಿದ್ದ ಸುಳಿಗಳನ್ನು ನೋಡಿದ. ಅವನ ಬಾಯಿ ಅಳುವ ಹುಡುಗನ ಬಾಯಿಯಂತೆ ಸೊಟ್ಟಗಾಯಿತು.

"ಏನ್ ಮಾಡ್ಬಿಟ್ಟೆ ಮುಂಡೆ!"

"ಕೊಲ್ಲೋದಾದ್ರೆ ಈಗ ಕೊಲ್ಲಿ," ಎಂದಳು ಮಲ್ಲಿಕಾಂಬ ಕುಡುಗೋಲು ಹಿಡಿದು. "ಏನೂ ಸಿಗಲ್ಲ. ನಿನಗೂ ಸಿಗಲ್ಲ, ಅವನಿಗೂ ಸಿಗಲ್ಲ. ಹದಿನೆಂಟು ಕಂಬ ಸಿಗ್ತವೆ, ಒಂಬತ್ತೊಂಬತ್ತು ಹಂಚ್ಕೊಳ್ಳಿ."

ಈರಭದ್ರಪ್ಪ ನುಗ್ಗಿ ಬಂದು ಅವಳ ಕೆನ್ನೆಗೆ ಹೊಡೆದ. ಅವಳು ಪಕ್ಕಕ್ಕೆ ಬಿದ್ದಳು. ಕುಡುಗೋಲು ಅವನ ಮುಂಗೈಯನ್ನು ಉದ್ದಕ್ಕೂ ಸೀಳಿತು. ಅವಳು ಬೀಸಿದಳೋ ಅವನೇ ತಗುಲಿದನೋ ಇಬ್ಬರಿಗೂ ಗೊತ್ತಾಗಲಿಲ್ಲ. ಓಂಕಾರಮೂರ್ತಿ ಅವಳ ಸೊಂಟಕ್ಕೆ ಒದ್ದ. ಮಣ್ಣು ಬಾಯಿಗೆ ಬಂತು. ಕಣ್ಣು ಕತ್ತಲಿಟ್ಟರೂ ಅವಳು ಅವರ ಮುಖಗಳನ್ನೇ ನೋಡುತ್ತಿದ್ದಳು. ಇಬ್ಬರ ಕಣ್ಣೂ ಅವಳ ಮುಖದ ಮೇಲಿತ್ತು. ಎಷ್ಟೋ ಕಾಲದ ಮೇಲೆ ಇಬ್ಬರೂ ಅವಳನ್ನು ನೋಡುತ್ತಿದ್ದರು. ಏಟಿನಲ್ಲಿ ಬರೀ ಸಿಟ್ಟಿತ್ತು, ಲೆಕ್ಕವಿರಲಿಲ್ಲ. ಇನ್ನೊಂದು ಒದೆಗೆ ಎತ್ತಿದ ಕಾಲನ್ನು ಓಂಕಾರಮೂರ್ತಿ ಹಾಗೇ ಇಳಿಸಿದ. ಮುಂದೆ ಮಾಡಿ ಏನಾಗಬೇಕು ಎಂದು ಅವನಿಗೇ ಹೊಳೆಯದಂತಿತ್ತು. ತಲೆಯಿಲ್ಲದ ಮರಗಳ ಕೆಳಗಿನಿಂದ ಇಬ್ಬರೂ ಒಬ್ಬರ ಹಿಂದೊಬ್ಬರು ಹೊರಟು ಹೋದರು.

ಆ ಸಂಜೆ ಗೋಡೆಯ ಎರಡೂ ಕಡೆಯ ಬಾಗಿಲು ಅವಳಿಗೆ ತೆರೆಯಲಿಲ್ಲ. "ನಮ್ಮನೇಲಿ ಜಾಗ ಇಲ್ಲ," ಎಂದಳು ಕಿರಿಯ ಸೊಸೆ ಒಳಗಿನಿಂದ. "ಅಲ್ಲೇ ಬಿದ್ದಿರ್ಲಿ," ಎಂದಳು ಪ್ರೇಮಮ್ಮ. ಆ ಇಬ್ಬರು ಒಂದೇ ಮಾತಿಗೆ ಬಂದದ್ದನ್ನು ಕೇಳಿಕೊಂಡು ಮಲ್ಲಿಕಾಂಬ ಗಾಡಿಯಲ್ಲಿ ಮಲಗಿದಳು. ತಿಮ್ಮಕ್ಕ ರಾಗಿ ಗಂಜಿ ತಂದುಕೊಟ್ಟಳು. ಲಕ್ಕಣ್ಣನ ಮನೆಯದೆಂದರೆ ಮಲ್ಲಿಕಾಂಬ ಅದುವರೆಗೆ ನೀರನ್ನೂ ಮುಟ್ಟಿರಲಿಲ್ಲ. ಬಟ್ಟಲು ನೆಕ್ಕಿ ಮುಗಿಸಿದಳು.

ಮರುದಿನ ಮೊದಲ ಬಸ್ಸಿಗೆ ಲಕ್ಕಣ್ಣ ಹೆಂಡತಿಯನ್ನೂ ಕರೆದುಕೊಂಡು ಮಲ್ಲಿಕಾಂಬಳ ಜೊತೆಗೇ ಊರು ಬಿಟ್ಟ. ಅಜ್ಜಂಪುರದಲ್ಲಿ ತಿಮ್ಮಕ್ಕನ ಅಣ್ಣನಿದ್ದ. ಅವರು ಕಡೂರಿನಲ್ಲಿ ಇಳಿದು ಆ ಕಡೆಗೆ ಹೋದರು.

ತರೀಕೆರೆಯಲ್ಲಿ ಸೋಮಶೇಖರಪ್ಪ ಮಂಡಿಯ ಬಾಗಿಲು ತೆಗೆಯುತ್ತಿದ್ದ. ಅತ್ತೆಯನ್ನು ಕಂಡು ಅವನ ಕೈ ತನ್ನಷ್ಟಕ್ಕೆ ಬಾಯಿಗೆ ಹೋಯಿತು. ಅವಳ ಕೆನ್ನೆ ಊದಿಕೊಂಡಿತ್ತು, ಸೀರೆಯ ಮೇಲೆ ಯಾರದೋ ರಕ್ತ ಒಣಗಿತ್ತು. ಅವನು ಅವಳ ಹಿಂದೆ, ಬಸ್‌ಸ್ಟ್ಯಾಂಡಿನ ಜನರ ನಡುವೆ, ಕತ್ತು ಚಾಚಿ ಹುಡುಕಿದ.

"ಯಾರೂ ಬರಲ್ಲ ಕಣಪ್ಪ," ಎಂದಳು ಮಲ್ಲಿಕಾಂಬ.

"ನಿಜವಾಗ್ಲೂ?"

"ಬಂದ್ರೆ ಅವರಿಗೇನು ಸಿಗತ್ತೆ?"

ಪಂಕಜಾಕ್ಷಿ ಒಳಗಿನಿಂದ ಓಡಿ ಬಂದು ತಬ್ಬಿಕೊಂಡಾಗ ಪಕ್ಕೆ ಮುರಿದ ಕಡೆ ನೋವಾಗಿ ಅವಳು ಅಯ್ಯೋ ಎಂದಳು. ಆಮೇಲೆ ಮೂಟೆಯ ಮೇಲೆ ಕೂತು ಮಡಿಲು ಬಿಚ್ಚಿದಳು. ಬಾಳೆ ಎಲೆಯಲ್ಲಿ ಸುತ್ತಿದ ಸುಳಿಯ ತುಂಡು ಅಂಚಿನಲ್ಲಿ ಕಂದುಗಟ್ಟಲು ಶುರುವಾಗಿತ್ತು. ಮುರಿದು ಒಂದು ಚೂರು ಮಗಳಿಗೆ ಕೊಟ್ಟಳು, ಒಂದು ಅಳಿಯನಿಗೆ. ಸೋಮಶೇಖರಪ್ಪ ಮುಂದಿನ ಹಲ್ಲಿಲ್ಲದ ಕಡೆ ಬಿಟ್ಟು, ದವಡೆಯಲ್ಲಿ ಮೆಲ್ಲಗೆ ಅಗಿದ. ಅಗಿಯುತ್ತಲೇ ಇನ್ನೊಮ್ಮೆ ರಸ್ತೆಯ ಕಡೆ ನೋಡಿದ.

"ಸಿಹಿಯಾಗಿದೆ," ಎಂದ.

"ಇದು ಒಂದೇ ಸಲ ಸಿಗೋದು," ಎಂದಳು ಮಲ್ಲಿಕಾಂಬ, ತನ್ನ ಚೂರನ್ನು ಬಾಯಿಗಿಡುತ್ತ. "ತಿನ್ನು."